ಕೆನಡಾದವರನ್ನು ‘ಅಮೆರಿಕದವರು’ ಎಂದರೆ ಅವರಿಗೆ ಅಷ್ಟು ನೋವಾಗುವುದೇಕೆ?

ತುಂಗೆಯ ದಡ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಮಾಡಿ ನಿವೃತ್ತಳಾದವಳು. ಮಗಳು ಹನ್ನೆರಡು ವರ್ಷಗಳಿಂದ ಟೊರಾಂಟೊ ಹತ್ತಿರ ನೆಲೆಸಿದ್ದಾಳೆ. ಅವಳ ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ. ಇಬ್ಬರೂ ಅಲ್ಲಲ್ಲಿಯ ಪೌರತ್ವ ಪಡೆದುಕೊಂಡಿದ್ದಾರೆ. ಬರುವ ಕಾರ್ತಿಕದಲ್ಲಿ ನಮ್ಮ ಯಜಮಾನರ ಎಪ್ಪತ್ತರ ಶಾಂತಿ ಇಟ್ಟುಕೊಂಡಿದ್ದೇವೆ. ಕರೆಯೋಲೆಯ ಕರಡನ್ನು ಪ್ರೆಸ್ಸಿನವರು ಕೊಟ್ಟಾಗ ‘ಸುಖಾಗಮನ ಬಯಸುವವರು’ ಎಂಬ ಸಾಲಿನ ಕೆಳಗೆ ಮಗಳು ಅಳಿಯನ ಹೆಸರಿನ ಮುಂದೆಯೂ ಮಗ ಸೊಸೆಯ ಹೆಸರಿನ ಮುಂದೆಯೂ ‘ಅಮೆರಿಕ’ ಎಂದೇ ಇತ್ತು. ಊರಿನಲ್ಲಿ ಎಲ್ಲರೂ ಹೇಳುವುದು ಹಾಗೆಯೇ ಆದ್ದರಿಂದ ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಮಗಳ ಫೋನು ಬಂತು. “ಅಮ್ಮಾ, ಹನ್ನೆರಡು ವರ್ಷ ಆಯಿತು, ನೀನೂ ಹೀಗೆ ಅಂದರೆ ಹೇಗೆ?” ಎಂದಳು. ಧ್ವನಿ ನಡುಗುತ್ತಿತ್ತು.

ಇದಕ್ಕೊಂದು ಹಿನ್ನೆಲೆಯಿದೆ. 2025ರ ಫೆಬ್ರುವರಿಯಲ್ಲಿ ಎರಡೂ ದೇಶಗಳ ನಡುವೆ ಹಾಕಿ ಪಂದ್ಯ ನಡೆದಾಗ ಮೊಮ್ಮಕ್ಕಳಿಬ್ಬರೂ ವಿಡಿಯೊ ಕರೆಯಲ್ಲಿ ಕುಳಿತಿದ್ದರು. ಟೊರಾಂಟೊದವನು ಎದೆಯ ಮೇಲೆ ದೊಡ್ಡ ಮೇಪಲ್ ಎಲೆ ಇರುವ ಕೆಂಪು ಅಂಗಿ ತೊಟ್ಟಿದ್ದ. ಮಾತಿಗೆ ಮಾತು ಬೆಳೆದು, ನ್ಯೂಜೆರ್ಸಿಯವನು ಶಾಲೆಯಲ್ಲಿ ಕೇಳಿದ್ದನ್ನೇ ಹಿಡಿದುಕೊಂಡು, “ನೀವು ಹೇಗೂ ನಮ್ಮ 51ನೇ ರಾಜ್ಯ ಆಗುತ್ತೀರಲ್ಲ” ಎಂದುಬಿಟ್ಟ. ಹನ್ನೊಂದು ವರ್ಷದ ಟೊರಾಂಟೊದ ಹುಡುಗ ಏನೂ ಹೇಳದೆ ಎದ್ದುಹೋದ, ಆಮೇಲೆ ಅಳುವುದು ಕೇಳಿಸಿತು. ಎಷ್ಟೋ ವಾರ ಇಬ್ಬರೂ ಮಾತನಾಡಲಿಲ್ಲ. ಮಗ ಮಾತ್ರ “ಕೆನಡಾದ ಮೇಲೆ ಇಲ್ಲಿ ಯಾರಿಗೂ ದ್ವೇಷವಿಲ್ಲ ಅಮ್ಮ” ಎನ್ನುತ್ತಾನೆ. ಅವನು ಸುಳ್ಳು ಹೇಳುವವನಲ್ಲ. ಆದರೆ ಆ ಮಾತಿನಿಂದ ಅಕ್ಕನಿಗೆ ಇನ್ನಷ್ಟು ಬೇಸರವಾಗುತ್ತದೆ.

ಒಂದೇ ಬಗೆಯ ಮನೆ, ಒಂದೇ ಬಗೆಯ ಕಾರು, ಹೆಚ್ಚುಕಡಿಮೆ ಒಂದೇ ಇಂಗ್ಲಿಷ್. ಹೊರಗಿನಿಂದ ನೋಡುವ ನಮಗೆ ಬೇರ್ಪಡಿಸಿ ಹೇಳಲು ಬಾರದ ಈ ಎರಡು ದೇಶಗಳ ನಡುವೆ ಇಷ್ಟೊಂದು ಅಭಿಮಾನದ ಗೆರೆ ಹೇಗೆ ಬಂತು? ಇದು ಹಳೆಯ ಹಗೆಯೇ, ಈಚಿನ ರಾಜಕೀಯವೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಇತಿಹಾಸದ ಅಧ್ಯಾಪಕ, ಶಿವಮೊಗ್ಗ

ಅಮ್ಮ, ನಮಸ್ಕಾರ. ಅಮೆರಿಕ ಮತ್ತು ಕೆನಡಾಗಳನ್ನು ಒಂದೇ ಮನೆಯಿಂದ ಪಾಲಾಗಿ ಹೋದ ಎರಡು ಸಂಸಾರಗಳೆಂದು ಇಟ್ಟುಕೊಂಡರೆ ಈ ವಿಷಯ ಬೇಗ ತಿಳಿಯುತ್ತದೆ. 1776ರ ಜುಲೈ 4ರಂದು ಹದಿಮೂರು ವಸಾಹತುಗಳು ಬ್ರಿಟಿಷ್ ದೊರೆಯ ಆಳ್ವಿಕೆಯನ್ನು ಕಿತ್ತೊಗೆದು ಸ್ವಾತಂತ್ರ್ಯ ಘೋಷಿಸಿದಾಗ ಅಲ್ಲಿದ್ದವರೆಲ್ಲ ಅದನ್ನು ಒಪ್ಪಿರಲಿಲ್ಲ. ದೊರೆಗೆ ನಿಷ್ಠರಾಗಿ ಉಳಿದವರಲ್ಲಿ ಹತ್ತಾರು ಸಾವಿರ ಜನ ಯುದ್ಧ ಮುಗಿಯುವ ಹೊತ್ತಿಗೆ ಹೊಲ ಮನೆ ಕಳೆದುಕೊಂಡು ಉತ್ತರಕ್ಕೆ ವಲಸೆ ಹೋದರು. ಅವರು ನೆಲೆಸಿದ ಕಾರಣದಿಂದಲೇ 1784ರಲ್ಲಿ ನ್ಯೂ ಬ್ರನ್ಸ್‌ವಿಕ್ ಪ್ರಾಂತವೂ, 1791ರಲ್ಲಿ ಇಂದಿನ ಒಂಟಾರಿಯೊದ ಪೂರ್ವರೂಪವಾದ ಅಪ್ಪರ್ ಕೆನಡಾವೂ ಬೇರೆಯಾಗಿ ರೂಪುಗೊಂಡವು. ಹೀಗಾಗಿ ಇಂಗ್ಲಿಷ್ ಮಾತನಾಡುವ ಕೆನಡಾದ ತಳಪಾಯದಲ್ಲಿಯೇ ‘ನಾವು ಅಮೆರಿಕದವರಾಗಲು ಒಲ್ಲೆವು’ ಎಂದು ಮನೆ ತೊರೆದು ಬಂದವರ ನೆನಪಿದೆ. ಫ್ರೆಂಚ್ ಮಾತನಾಡುವ ಕ್ವಿಬೆಕ್ಕಿನವರಿಗಂತೂ ತಮ್ಮ ಭಾಷೆ, ತಮ್ಮ ಚರ್ಚು, ತಮ್ಮ ಕಾನೂನುಗಳನ್ನು ಉಳಿಸಿಕೊಳ್ಳುವ ಪ್ರಶ್ನೆಯೇ ಮೊದಲಿನಿಂದಲೂ ಮುಖ್ಯವಾಗಿತ್ತು.

ಅಮೆರಿಕದವರು ಅವರನ್ನು ಕರೆಯದೆ ಇರಲಿಲ್ಲ. 1775ರಲ್ಲಿ ಸೈನ್ಯವನ್ನೇ ಕಳುಹಿಸಿದರು. ಆ ವರ್ಷದ ಕೊನೆಯ ದಿನ ಕ್ವಿಬೆಕ್ ನಗರದ ಮೇಲೆ ನಡೆದ ದಾಳಿಯಲ್ಲಿ ಸೇನಾಪತಿ ಮಾಂಟ್ಗೊಮರಿ ಸತ್ತರು, ದಾಳಿಯೂ ಮುರಿದುಬಿತ್ತು. 1781ರಲ್ಲಿ ಜಾರಿಗೆ ಬಂದ ಅಮೆರಿಕದ ಮೊದಲ ಒಕ್ಕೂಟದ ಒಪ್ಪಂದವನ್ನು ತೆರೆದು ನೋಡಿದರೆ, ಬೇರೆ ಯಾವ ವಸಾಹತು ಸೇರಬೇಕಾದರೂ ಒಂಬತ್ತು ರಾಜ್ಯಗಳ ಒಪ್ಪಿಗೆ ಬೇಕು, ಕೆನಡಾ ಬಂದರೆ ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ ಎಂಬ ಕಲಮು ಕಾಣಿಸುತ್ತದೆ. ಬಾಗಿಲು ತೆರೆದೇ ಇತ್ತು, ಕೆನಡಾ ಹೋಗಲಿಲ್ಲ. ನಿಮ್ಮ ಮೊಮ್ಮಗನನ್ನು ಅಳಿಸಿದ ಆ ‘51ನೇ ರಾಜ್ಯ’ದ ಮಾತಿನ ಹಿಂದೆ ಇಷ್ಟು ಹಳೆಯ ಕರೆ ಮತ್ತು ಅಷ್ಟೇ ಹಳೆಯ ನಿರಾಕರಣೆ ಇವೆ.

1812ರ ಜೂನಿನಲ್ಲಿ ಅಮೆರಿಕ ಬ್ರಿಟನ್ನಿನ ಮೇಲೆ ಯುದ್ಧ ಸಾರಿ ಮತ್ತೆ ಕೆನಡಾದ ಮೇಲೆ ನುಗ್ಗಿತು. ಕ್ವಿಬೆಕ್ಕಿನ ಸುತ್ತಮುತ್ತಲವರೆಗೆ ಗೆದ್ದುಕೊಳ್ಳುವುದು ಬರೀ ನಡೆದುಹೋಗುವಷ್ಟೇ ಕೆಲಸ ಎಂದು ಮಾಜಿ ಅಧ್ಯಕ್ಷ ಜೆಫರ್ಸನ್ ಪತ್ರವೊಂದರಲ್ಲಿ ಬರೆದಿದ್ದರು. ಹಾಗಾಗಲಿಲ್ಲ. ಕ್ವೀನ್ಸ್‌ಟನ್ ಹೈಟ್ಸ್‌ನಲ್ಲಿ ಸೇನಾಪತಿ ಬ್ರಾಕ್ ಪ್ರಾಣ ಕೊಟ್ಟರೂ ಅಮೆರಿಕದ ಪಡೆ ಹಿಮ್ಮೆಟ್ಟಬೇಕಾಯಿತು. 1813ರಲ್ಲಿ ಅಮೆರಿಕದವರು ಇಂದಿನ ಟೊರಾಂಟೊ ಆಗಿರುವ ಯಾರ್ಕ್ ಪಟ್ಟಣಕ್ಕೆ ಬೆಂಕಿಯಿಟ್ಟರು; 1814ರ ಆಗಸ್ಟಿನಲ್ಲಿ ಬ್ರಿಟಿಷರು ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷರ ಭವನವನ್ನೇ ಸುಟ್ಟರು. ಡಿಸೆಂಬರಿನಲ್ಲಿ ಗೆಂಟ್ ನಗರದಲ್ಲಿ ಸಂಧಿಯಾದಾಗ ಗಡಿ ಮೊದಲು ಎಲ್ಲಿತ್ತೋ ಅಲ್ಲಿಗೇ ಬಂದು ನಿಂತಿತು. ನನ್ನ ದೃಷ್ಟಿಯಲ್ಲಿ ಮುಖ್ಯವಾದ ಸಂಗತಿಯೆಂದರೆ, ಎರಡೂ ಕಡೆಯವರು ತಾವೇ ಗೆದ್ದೆವೆಂದು ಮಕ್ಕಳಿಗೆ ಕಲಿಸುತ್ತಾರೆ. ಅಮೆರಿಕದ ರಾಷ್ಟ್ರಗೀತೆಯ ಸಾಹಿತ್ಯ ಹುಟ್ಟಿದ್ದೂ ಅದೇ ಯುದ್ಧದಲ್ಲಿ, ಬಾಲ್ಟಿಮೋರಿನ ಕೋಟೆಯ ಮೇಲೆ ಗುಂಡಿನ ಮಳೆ ಸುರಿದ 1814ರ ಸೆಪ್ಟೆಂಬರಿನಲ್ಲಿ. ನಿಜವಾಗಿ ಸೋತವರು ಟೆಕುಂಸೆಯ ನಾಯಕತ್ವದಲ್ಲಿ ತಮ್ಮ ನೆಲ ಉಳಿಸಿಕೊಳ್ಳಲು ಹೋರಾಡಿದ ಮೂಲನಿವಾಸಿಗಳು. ಅವರನ್ನು ಈ ಅಭಿಮಾನದ ಲೆಕ್ಕದಲ್ಲಿ ಬಹಳ ಕಾಲ ಯಾರೂ ಹಿಡಿಯಲೇ ಇಲ್ಲ ಎಂಬುದನ್ನು ಇಲ್ಲಿ ಹೇಳದೆ ಬಿಡುವುದು ಸರಿಯಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅಮೆರಿಕಕ್ಕೆ ತನ್ನ ಗುರುತು ಒಂದೇ ಏಟಿಗೆ, ಕ್ರಾಂತಿಯಿಂದ ಸಿಕ್ಕಿತು. ಕೆನಡಾ ತನ್ನದನ್ನು ಕಂತುಕಂತಾಗಿ ಕೂಡಿಸಿಕೊಂಡಿತು. ಒಕ್ಕೂಟವಾದದ್ದು 1867ರ ಜುಲೈ 1ರಂದು. ‘ಕೆನಡಾದ ಪ್ರಜೆ’ ಎಂಬ ಪೌರತ್ವ ಕಾನೂನಿನಲ್ಲಿ ಬಂದದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷವೇ. ಮೇಪಲ್ ಎಲೆಯ ಬಾವುಟ 1965ರ ಫೆಬ್ರುವರಿ 15ರಂದು, ಅಧಿಕೃತ ರಾಷ್ಟ್ರಗೀತೆ 1980ರಲ್ಲಿ, ಸಂವಿಧಾನವನ್ನು ಲಂಡನ್ನಿನ ಕೈಯಿಂದ ಪೂರ್ಣವಾಗಿ ಬಿಡಿಸಿಕೊಂಡದ್ದು 1982ರಲ್ಲಿ. ನಿಮ್ಮ ಮೊಮ್ಮಗನ ಅಂಗಿಯ ಮೇಲಿದ್ದ ಆ ಎಲೆಯ ಬಾವುಟ ನಿಮ್ಮ ಯಜಮಾನರಿಗಿಂತ ವಯಸ್ಸಿನಲ್ಲಿ ಚಿಕ್ಕದು. ತಡವಾಗಿ ಬಂದದ್ದನ್ನು ಜನ ಜೋಪಾನ ಮಾಡುತ್ತಾರೆ.

ಹೊಸನಗರದ ಮಗಳು, ಒಂಟಾರಿಯೊ

ಅಮ್ಮ, ನಿಮ್ಮ ಮಗಳ ಧ್ವನಿ ಏಕೆ ನಡುಗಿತು ಎಂಬುದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ನನ್ನ ತವರಿನಲ್ಲಿಯೂ ನಾನು ‘ಅಮೆರಿಕದಲ್ಲಿರುವ ಮಗಳು’. ಇಲ್ಲಿಗೆ ಬಂದ ಮೊದಲ ವರ್ಷ ನನಗೂ ಈ ವ್ಯತ್ಯಾಸ ಅತಿಯಾಯಿತು ಎನಿಸುತ್ತಿತ್ತು. ಬದಲಾದದ್ದು ಹೆರಿಗೆಯ ಹೊತ್ತಿಗೆ. ತೊಡಕಿನ ಹೆರಿಗೆಯಾಗಿ ಐದು ದಿನ ಆಸ್ಪತ್ರೆಯಲ್ಲಿದ್ದು ಹೊರಡುವಾಗ ಯಜಮಾನರು ಹಣ ಕಟ್ಟುವ ಕೌಂಟರ್ ಎಲ್ಲಿದೆ ಎಂದು ನರ್ಸಮ್ಮನನ್ನು ಕೇಳಿದರು. ಆಕೆ ನಕ್ಕು, ಕಾರು ನಿಲ್ಲಿಸಿದ್ದಕ್ಕೆ ಮಾತ್ರ ಕಟ್ಟಿ ಎಂದರು. 1962ರಲ್ಲಿ ಸಸ್ಕಾಚೆವಾನ್ ಪ್ರಾಂತದಲ್ಲಿ ಟಾಮಿ ಡಗ್ಲಸ್ ಅವರ ಪಕ್ಷದ ಸರ್ಕಾರ ವೈದ್ಯರ ಮುಷ್ಕರವನ್ನೂ ಎದುರಿಸಿ ಆರಂಭಿಸಿದ ಸಾರ್ವಜನಿಕ ಆರೋಗ್ಯ ವಿಮೆ ಮುಂದೆ ದೇಶಕ್ಕೆಲ್ಲ ಹರಡಿತು. 2004ರಲ್ಲಿ ಇಲ್ಲಿನ ಸಾರ್ವಜನಿಕ ದೂರದರ್ಶನ ಅತ್ಯಂತ ಶ್ರೇಷ್ಠ ಕೆನಡಿಯನ್ ಯಾರೆಂದು ಕೇಳಿದಾಗ ವೀಕ್ಷಕರು ಆರಿಸಿದ್ದು ಈ ಡಗ್ಲಸ್ ಅವರನ್ನೇ. ಸೇನಾಪತಿಯನ್ನಲ್ಲ, ಆಟಗಾರನನ್ನೂ ಅಲ್ಲ. ಇದರಲ್ಲಿ ಕೊರತೆಯಿಲ್ಲ ಎನ್ನಲಾರೆ. ಅತ್ತೆಯವರ ಮೊಣಕಾಲು ನೋಡಲು ತಜ್ಞರ ಸರದಿ ಬಂದದ್ದು ಏಳು ತಿಂಗಳಾದ ಮೇಲೆ. ಆದರೂ ನಾವು ಅಮೆರಿಕಕ್ಕಿಂತ ಬೇರೆ ಎಂದು ಇಲ್ಲಿಯವರು ಹೇಳುವಾಗ ಮೊದಲು ಬೆರಳು ಮಡಿಸುವುದು ಇದಕ್ಕೇ.

ಹಾಕಿಯ ವಿಷಯ. ಇಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಹಾಕಿ ಮಾತ್ರ. ಎರಡೂ ದೇಶಗಳ ತಂಡಗಳು ಆಡುವ ಎನ್‌ಎಚ್‌ಎಲ್ ಎಂಬ ಲೀಗಿನಲ್ಲಿರುವ 32 ತಂಡಗಳಲ್ಲಿ ಏಳು ಮಾತ್ರ ಕೆನಡಾದವು. 1993ರಲ್ಲಿ ಮಾಂಟ್ರಿಯಲ್ ಗೆದ್ದ ಮೇಲೆ 2025ರವರೆಗೂ ಆ ಲೀಗಿನ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಈ ಕಡೆಗೆ ಬಂದಿರಲಿಲ್ಲ. ಆಟಗಾರರಲ್ಲಿ ದೊಡ್ಡ ಪಾಲು ನಮ್ಮವರು, ಹಣ ಮತ್ತು ಹೆಚ್ಚಿನ ತಂಡಗಳು ಅವರವು. 1988ರಲ್ಲಿ ನಮ್ಮ ಹೆಸರಾಂತ ಆಟಗಾರ ವೇಯ್ನ್ ಗ್ರೆಟ್ಸ್ಕಿಯವರನ್ನು ಎಡ್ಮಂಟನ್ ತಂಡ ಲಾಸ್ ಏಂಜಲಿಸ್‌ಗೆ ಕೊಟ್ಟಾಗ ಅದನ್ನು ಸರ್ಕಾರ ತಡೆಯಬೇಕೆಂದು ಸಂಸದರೊಬ್ಬರು ಕೇಳಿದ್ದರು. ಹೀಗಾಗಿ ದೇಶದ ಹೆಸರಿನಲ್ಲಿ ಆಡುವ ಪಂದ್ಯ ಬಂದರೆ ಕೂಡಿಟ್ಟದ್ದೆಲ್ಲ ಉಕ್ಕುತ್ತದೆ. ನಿಮ್ಮ ಮೊಮ್ಮಕ್ಕಳು ಜಗಳವಾಡಿದ ಆ ಪಂದ್ಯಾವಳಿಯಲ್ಲಿ, ಬಾವುಟಕ್ಕೆ ಅರವತ್ತು ತುಂಬಿದ ಫೆಬ್ರುವರಿ 15ರಂದೇ ಮಾಂಟ್ರಿಯಲ್‌ನಲ್ಲಿ ಎರಡೂ ದೇಶಗಳು ಎದುರಾದವು. ಅಮೆರಿಕದ ರಾಷ್ಟ್ರಗೀತೆ ಹಾಡುವಾಗ ಜನ ಕೂಗಿ ಅಡ್ಡಿಪಡಿಸಿದರು, ಅದು ನನಗೆ ಸರಿ ಕಾಣಲಿಲ್ಲ. ಆಟ ಶುರುವಾದ ಒಂಬತ್ತು ಸೆಕೆಂಡಿನಲ್ಲಿ ಮೂರು ಹೊಡೆದಾಟಗಳಾದವು. ಆ ದಿನ ಅಮೆರಿಕ ಗೆದ್ದಿತು. ಐದು ದಿನ ಕಳೆದು ಬಾಸ್ಟನ್ನಿನಲ್ಲಿ ನಡೆದ ಫೈನಲ್ ಪಂದ್ಯದ ಹೆಚ್ಚುವರಿ ಸಮಯದಲ್ಲಿ ಕಾನರ್ ಮೆಕ್‌ಡೇವಿಡ್ ಗೋಲು ಹೊಡೆದು ಕೆನಡಾ 3-2ರಿಂದ ಗೆದ್ದಾಗ ನಮ್ಮ ಬೀದಿಯಲ್ಲಿ ಆ ಚಳಿಯಲ್ಲಿಯೂ ಮನೆಮನೆಯ ಬಾಗಿಲು ತೆರೆದು ಜನ ಹೊರಗೆ ಬಂದರು.

ಪಂದ್ಯದ ಅಂಕಕ್ಕಿಂತ ದೊಡ್ಡದು ಅದರ ಹಿಂದಿದ್ದ ಭಯ. ತಮ್ಮ ರಫ್ತಿನಲ್ಲಿ ಸುಮಾರು ಮುಕ್ಕಾಲು ಪಾಲನ್ನು ಕೊಳ್ಳುವ ದೇಶದ ಅಧ್ಯಕ್ಷ ಟ್ರಂಪ್ ಅವರೇ ನೀವು 51ನೇ ರಾಜ್ಯವಾಗಿ ಎಂದು ಪದೇ ಪದೇ ಹೇಳಿ, 2025ರ ಮಾರ್ಚಿನಲ್ಲಿ ಹಲವು ಸರಕುಗಳ ಮೇಲೆ ಶೇ 25ರ ಸುಂಕ ಹಾಕಿದಾಗ ಕೆಲಸ ಉಳಿಯುತ್ತದೆಯೇ ಎಂಬ ಚಿಂತೆ ಎಲ್ಲರಿಗೂ ಆಯಿತು. ಒಂಟಾರಿಯೊದ ಸರ್ಕಾರಿ ಮದ್ಯದಂಗಡಿಗಳು ಅಮೆರಿಕದ ಮದ್ಯವನ್ನು ಕಪಾಟಿನಿಂದ ಇಳಿಸಿದವು. ದಿನಸಿ ಅಂಗಡಿಯಲ್ಲಿ ಬೆಲೆ ಚೀಟಿಯ ಪಕ್ಕ ಚಿಕ್ಕ ಮೇಪಲ್ ಎಲೆ ಬಂತು. ಒಂದು ದಿನ ನಮ್ಮ ಪಕ್ಕದ ಮನೆಯ ಎಂಬತ್ತು ದಾಟಿದ ಅಜ್ಜಿ ಸ್ಟ್ರಾಬೆರಿ ಡಬ್ಬಿಯನ್ನು ಕನ್ನಡಕದ ಹತ್ತಿರ ಹಿಡಿದು ಎಲ್ಲಿಯದೆಂದು ಓದಿ, ಮೆಲ್ಲನೆ ಮತ್ತೆ ಅಲ್ಲಿಯೇ ಇಟ್ಟರು. ಆಕೆಯ ತಂಗಿ ಫ್ಲಾರಿಡಾದಲ್ಲಿದ್ದಾರೆ. ಪ್ರತಿ ಚಳಿಗಾಲವೂ ಹೋಗುತ್ತಿದ್ದವರು ಆ ವರ್ಷ ಟಿಕೆಟ್ ರದ್ದು ಮಾಡಿದ್ದರು. ಮುಖದಲ್ಲಿ ಕೋಪ ಇರಲಿಲ್ಲ, ದುಃಖವಿತ್ತು.

ಕರೂರು ಸೀಮೆ, ಮಿಶಿಗನ್

ನಾನು ಸಾಗರ ತಾಲ್ಲೂಕಿನ ಕರೂರು ಹೋಬಳಿಯವನು, ಈಗ ಡೆಟ್ರಾಯಿಟ್ ಹತ್ತಿರ ಇದ್ದೇನೆ. ನದಿಯ ದಡದಲ್ಲಿ ನಿಂತರೆ ಎದುರಿಗೆ ಕಾಣುವುದು ಕೆನಡಾದ ವಿಂಡ್ಸರ್. ಅದೂ ನಮಗೆ ದಕ್ಷಿಣ ದಿಕ್ಕಿನಲ್ಲಿ. ಈ ಕಡೆಯ ಮಾತನ್ನೂ ಯಾರಾದರೂ ಹೇಳಬೇಕೆಂದು ಬರೆಯುತ್ತಿದ್ದೇನೆ.

ಅಮ್ಮ, ನಿಮ್ಮ ಮಗ ಹೇಳಿದ್ದು ನಿಜ. ಅಮೆರಿಕದವರಲ್ಲಿ ದೇಶಾಭಿಮಾನ ಕಡಿಮೆಯಿಲ್ಲ. ಮನೆಯ ಮುಂದೆ ಬಾವುಟ, ಶಾಲೆಯಲ್ಲಿ ಪ್ರತಿದಿನ ಪ್ರತಿಜ್ಞೆ. ಆದರೆ ಆ ಅಭಿಮಾನ ಕೆನಡಾದ ಕಡೆ ತಿರುಗಿ ನೋಡುವುದೇ ಇಲ್ಲ. ಹಾಕಿಯಲ್ಲಿ ಅಮೆರಿಕದವರು ಇಂದಿಗೂ ಎದೆ ಉಬ್ಬಿಸಿ ನೆನೆಯುವುದು 1980ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ಕಾಲೇಜು ಹುಡುಗರು ಸೋವಿಯತ್ ತಂಡವನ್ನು ಸೋಲಿಸಿದ್ದನ್ನು. ಕೆನಡಾದವರು ನೆನೆಯುವುದು 2010ರಲ್ಲಿ ವ್ಯಾಂಕೂವರ್‌ನಲ್ಲಿ ಸಿಡ್ನಿ ಕ್ರಾಸ್ಬಿ ಅಮೆರಿಕದ ವಿರುದ್ಧ ಹೊಡೆದ ಕೊನೆಯ ಗೋಲನ್ನು. ಒಬ್ಬರ ಎದುರಾಳಿ ಇನ್ನೊಬ್ಬರಿಗೆ ಎದುರಾಳಿಯೇ ಅಲ್ಲ. ಇದನ್ನು ಅಹಂಕಾರ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅವರಿಗೆ ತಿಳಿದಿಲ್ಲ, ಅಷ್ಟೇ.

ಕಷ್ಟ ಬಂದಾಗ ಈ ಎರಡು ದೇಶಗಳು ನಡೆದುಕೊಂಡ ರೀತಿಯೂ ಲೆಕ್ಕಕ್ಕೆ ಬರಬೇಕು. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡಿನ ಹಡಗು ಸಿಡಿದು ಸುಮಾರು ಎರಡು ಸಾವಿರ ಜನ ಸತ್ತಾಗ, ಅದೇ ರಾತ್ರಿ ಅಮೆರಿಕದ ಬಾಸ್ಟನ್ನಿನಿಂದ ವೈದ್ಯರನ್ನೂ ಔಷಧಿಯನ್ನೂ ಹೊತ್ತ ರೈಲು ಹೊರಟಿತು. ಆ ಉಪಕಾರದ ನೆನಪಿಗೆ, ಹ್ಯಾಲಿಫ್ಯಾಕ್ಸ್ ಇರುವ ನೋವಾ ಸ್ಕೋಶಿಯಾ ಪ್ರಾಂತದವರು ಪ್ರತಿ ವರ್ಷ ದೊಡ್ಡದೊಂದು ಕ್ರಿಸ್‌ಮಸ್ ಮರವನ್ನು ಬಾಸ್ಟನ್ನಿಗೆ ಕಳುಹಿಸುತ್ತಾರೆ. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಆಕಾಶ ಮುಚ್ಚಿದಾಗ 38 ವಿಮಾನಗಳು ಕೆನಡಾದ ಗ್ಯಾಂಡರ್ ಎಂಬ ಊರಿನಲ್ಲಿ ಇಳಿದವು. ಸುಮಾರು ಹತ್ತು ಸಾವಿರ ಜನರಿದ್ದ ಆ ಊರು ಮತ್ತು ಅಕ್ಕಪಕ್ಕದ ಹಳ್ಳಿಗಳು ಆರೂವರೆ ಸಾವಿರಕ್ಕೂ ಹೆಚ್ಚು ಅಪರಿಚಿತರಿಗೆ ಊಟ ಹಾಕಿ, ಹಾಸಿಗೆ ಕೊಟ್ಟವು.

ಇನ್ನು ಹೆಸರಿನ ನೋವು. ಅದಕ್ಕೆ ನಾನು ನಮ್ಮ ಶರಾವತಿಯನ್ನೇ ನೆನೆಯುತ್ತೇನೆ. ಜೋಗದಲ್ಲಿ ಈ ದಡಕ್ಕೆ ಮೈಸೂರು ಬಂಗಲೆ, ಆ ದಡಕ್ಕೆ ಬಾಂಬೆ ಬಂಗಲೆ ಎಂದು ಇಂದಿಗೂ ಕರೆಯುತ್ತಾರೆ. ಈ ಕಡೆ ಮಹಾರಾಜರ ಸೀಮೆ, ಆ ಕಡೆಯ ಸಿದ್ದಾಪುರ ಮುಂಬೈ ಪ್ರಾಂತ. ಮಾತು ಒಂದೇ, ಅಡಿಕೆ ತೋಟ ಒಂದೇ, ಕೊಟ್ಟು ತಂದ ಸಂಬಂಧಗಳೂ ಇದ್ದವು. 1956ರ ನವೆಂಬರ್ 1ರಂದು ಎರಡೂ ದಡ ಒಂದೇ ರಾಜ್ಯಕ್ಕೆ ಸೇರಿದವು, ಆದರೆ ಹೆಸರು ‘ಮೈಸೂರು’ ಎಂದೇ ಉಳಿಯಿತು. ಸಿದ್ದಾಪುರದ ಕಡೆಯಿಂದ ನಮ್ಮ ಮನೆಗೆ ಬಂದ ಅಜ್ಜಿಗೆ ಅದು ಕೊನೆಯವರೆಗೂ ಹಿಡಿಸಲಿಲ್ಲ. ಶಾಲೆಯ ಅರ್ಜಿಯಲ್ಲಿ ರಾಜ್ಯದ ಹೆಸರು ಬರೆಯುವಾಗಲೆಲ್ಲ “ನಮ್ಮೂರು ಮೈಸೂರಲ್ಲ” ಎನ್ನುತ್ತಿದ್ದರಂತೆ. ಅಜ್ಜನಿಗೆ ಆ ಮಾತು ಅರ್ಥವೇ ಆಗುತ್ತಿರಲಿಲ್ಲ, ಏಕೆಂದರೆ ಅವರು ಹುಟ್ಟಿನಿಂದ ಮೈಸೂರಿನವರು. 1973ರಲ್ಲಿ ‘ಕರ್ನಾಟಕ’ ಎಂದಾದ ಮೇಲೆ ಅಜ್ಜಿ ಆ ವಿಷಯ ಎತ್ತಲಿಲ್ಲ. ನಿಮ್ಮ ಮಗ ನಮ್ಮ ಅಜ್ಜನ ಜಾಗದಲ್ಲಿದ್ದಾನೆ, ಮಗಳು ಅಜ್ಜಿಯ ಜಾಗದಲ್ಲಿದ್ದಾಳೆ. ಇಬ್ಬರೂ ಸುಳ್ಳಾಡುತ್ತಿಲ್ಲ.

ಹೊಸನಗರದ ಮಗಳು, ಒಂಟಾರಿಯೊ

ಅಣ್ಣ, ನೀವು ಬರೆದ ಅಜ್ಜಿಯ ಮಾತನ್ನು ಎರಡು ಸಲ ಓದಿದೆ. ಒಂದನ್ನು ಮಾತ್ರ ಒಪ್ಪಲಾರೆ. ‘ತಿಳಿದಿಲ್ಲ, ಅಷ್ಟೇ’ ಎಂದಿರಲ್ಲ, ಆ ತಿಳಿಯದಿರುವುದೇ ನೋಯಿಸುವುದು. ಇಲ್ಲಿಯ ಮಕ್ಕಳಿಗೆ ಅಮೆರಿಕದ ರಾಜ್ಯಗಳ ಹೆಸರು ಬರುತ್ತದೆ, ಅಧ್ಯಕ್ಷರ ಹೆಸರು ಬರುತ್ತದೆ. ಪಕ್ಕದ ಮನೆಯವರ ಹೆಸರು ಕೇಳಿ ತಿಳಿದುಕೊಳ್ಳುವುದು ದೊಡ್ಡ ಮನೆಯವರಿಗೂ ಕಷ್ಟದ ಕೆಲಸವಲ್ಲ.

ಗಾಜನೂರು

ನಾನು ವಿದೇಶಕ್ಕೆ ಹೋದವನಲ್ಲ, ನಮ್ಮ ಮನೆ ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ. 1969ರಲ್ಲಿ ಕೆನಡಾದ ಪ್ರಧಾನಿಯಾಗಿದ್ದ ಪಿಯರ್ ಟ್ರೂಡೊ ವಾಷಿಂಗ್ಟನ್ನಿನ ಪತ್ರಕರ್ತರೆದುರು, ನಿಮ್ಮ ಪಕ್ಕದಲ್ಲಿ ಬಾಳುವುದೆಂದರೆ ಆನೆಯ ಮಗ್ಗುಲಲ್ಲಿ ಮಲಗಿದಂತೆ, ಅದು ಎಷ್ಟೇ ಸಾಧುವಾದರೂ ಅದರ ಒಂದೊಂದು ಅಲುಗಾಟವೂ ನಮಗೆ ತಟ್ಟುತ್ತದೆ ಎಂಬರ್ಥದ ಮಾತು ಹೇಳಿದ್ದರು. ಇದನ್ನು ಓದಿದಾಗ ನನಗೆ ಬೆಳಗಿನ ಹೊತ್ತು ತುಂಗೆಯ ಹಿನ್ನೀರಿನಲ್ಲಿ ಆನೆಗಳನ್ನು ಮಲಗಿಸಿ ಮೈ ತಿಕ್ಕುವುದು ಕಣ್ಣಿಗೆ ಬಂತು. ಆನೆ ಸುಮ್ಮನೆ ಕಣ್ಣು ಮುಚ್ಚಿ ಮಲಗಿರುತ್ತದೆ. ತಿಕ್ಕುವವನ ಒಂದು ಕೈ ಮಾತ್ರ ಯಾವಾಗಲೂ ಅದರ ಮೈಮೇಲೆ ಇರುತ್ತದೆ, ಅದು ಹೊರಳುವ ಮೊದಲೇ ಅವನಿಗೆ ತಿಳಿಯಬೇಕು. ಅವನಿಗೆ ಆನೆಯ ಮೇಲೆ ದ್ವೇಷ ಇದೆ ಎಂದು ಯಾರಾದರೂ ಹೇಳುತ್ತಾರೆಯೇ? ಕೆನಡಾದಲ್ಲಿ ಸುಮಾರು ನಾಲ್ಕು ಕೋಟಿ ಜನ, ಅಮೆರಿಕದಲ್ಲಿ ಮೂವತ್ನಾಲ್ಕು ಕೋಟಿ. ಎಚ್ಚರವಾಗಿರಬೇಕಾದವರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ತುಂಗೆಯ ದಡ, ತೀರ್ಥಹಳ್ಳಿ

ಎಲ್ಲರಿಗೂ ನನ್ನ ಕೃತಜ್ಞತೆಗಳು. ನೀವು ಬರೆದದ್ದನ್ನೆಲ್ಲ ಯಜಮಾನರಿಗೆ ಓದಿ ಹೇಳಿದೆ. ಕರೂರು ಸೀಮೆಯವರ ಅಜ್ಜಿಯ ಮಾತು ಬಂದಾಗ ಅವರು ಓದುವುದನ್ನು ನಿಲ್ಲಿಸಲು ಹೇಳಿ, ಮಗಳಿಗೆ ತಾವೇ ಫೋನು ಹಚ್ಚಿದರು. ಇಂದು ಬೆಳಿಗ್ಗೆ ಪ್ರೆಸ್ಸಿಗೆ ಹೋಗಿದ್ದೆ. ಅಕ್ಷರ ಜೋಡಿಸುವ ಹುಡುಗ “ಅದೂ ಅಮೆರಿಕದ ಕಡೆಯೇ ಅಲ್ಲವಾ ಅಮ್ಮ?” ಎಂದು ಕೇಳಿದ. ಮೂವತ್ತು ವರ್ಷ ಮಕ್ಕಳಿಗೆ ಭೂಪಟ ತೋರಿಸಿದ ನಾನೇ ತಪ್ಪು ಮಾಡಿದ್ದೆ, ಅವನನ್ನು ಏನೆನ್ನಲಿ? ಬೇರೆ ದೇಶ ಎಂದು ಹೇಳಿ, ಅವನ ಪಕ್ಕದಲ್ಲಿ ಕುಳಿತು ‘ಟೊರಾಂಟೊ, ಕೆನಡಾ’ ಎಂದು ಹೊಡೆಸಿದೆ. ಹೊಸ ಕರಡಿನ ಫೋಟೋವನ್ನು ಗುಂಪಿಗೆ ಹಾಕುವ ಮೊದಲೇ ಮಗನಿಗೆ ಕಳುಹಿಸಿ, ಇದನ್ನು ನೀನೇ ಅಕ್ಕನಿಗೆ ಕಳಿಸು ಎಂದಿದ್ದೇನೆ.

ಶಾಂತಿಗೆ ಮೊಮ್ಮಕ್ಕಳಿಬ್ಬರೂ ಬರುತ್ತಾರೆ. ಮರುದಿನವೇ ಜೋಗಕ್ಕೆ ಕರೆದುಕೊಂಡು ಹೋಗಿ, ಒಂದೇ ಹೊಳೆಯನ್ನು ಆ ದಡದಿಂದಲೂ ಈ ದಡದಿಂದಲೂ ತೋರಿಸಬೇಕೆಂದಿದ್ದೇವೆ. ಕಾರ್ತಿಕದ ಹೊತ್ತಿಗೆ ಬಾಂಬೆ ಬಂಗಲೆಯ ಕಡೆಗೆ ಕಾರಿನಲ್ಲಿ ಹೋಗುವಂತಿರುತ್ತದೆಯೇ, ಯಜಮಾನರಿಗೆ ಹೆಚ್ಚು ನಡೆಯಬೇಕಾಗುತ್ತದೆಯೇ ಎಂಬುದನ್ನು ಆ ಕಡೆಯವರು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.